ಹಡಗಿನಲ್ಲಿ ಮಕ್ಕಳನ್ನು ಆಡಿಸುವ ಕೆಲಸ: ಬಿಲ್ವಾರ ಒತ್ತಿ ಇಡುವ ಮುಂಚೆ...

ಮಧ್ಯಾಹ್ನದ ಊಟ ಮುಗಿಸಿ, ಅಡುಗೆಮನೆ ಒರೆಸಿ, ಒಂದು ಗಳಿಗೆ ಅಡ್ಡಾಗೋಣ ಅಂತ ಚಾಪೆ ಹಾಸಿರ್ತೀರಿ. ಅಷ್ಟರಲ್ಲಿ ಫೋನು. ಆ ಕಡೆ ತವರಿನಿಂದ ತಮ್ಮ.

"ಅಕ್ಕಾ, ನಿನ್ನ ಸೊಸಿಗೆ ಹಡಗಿನ್ಯಾಗ ನೌಕರಿ ಸಿಗತೈತಂತ! ಮಕ್ಕಳನ್ನ ಆಡಸೋ ಕೆಲಸ. ಡಾಲರಿನ್ಯಾಗ ಪಗಾರ. ಏಜೆಂಟ ಎರಡು ಲಕ್ಷ ಕೇಳ್ಯಾನ. ಹೆಸರು ಮಾರಿದ ರೊಕ್ಕ ಅರ್ಧ ಐತಿ. ಉಳಿದದ್ದಕ್ಕ ನಿನ್ನ ಬಿಲ್ವಾರ ಒಂದಾರು ತಿಂಗಳು ಒತ್ತಿ ಇಟ್ಟರ..."

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ತವರಿದ್ದು ಹುಬ್ಬಳ್ಳಿ-ಧಾರವಾಡದಲ್ಲಿ ಸಂಸಾರ ಮಾಡ್ತಿರೋ ನಿಮಗೆ ಇಂಥ ಮಾತು ಹೊಸದೇನಲ್ಲ. ಅಣ್ಣ-ತಮ್ಮಂದಿರ ಮಕ್ಕಳು ನಿಮ್ಮ ಮನೆಯಲ್ಲೇ ಇದ್ದು ಕಾಲೇಜು ಕಲಿತಿರ್ತಾರೆ. ಪ್ಯಾಟಿಯಲ್ಲಿರೋ ಸೋದರತ್ತೆಗೆ ಎಲ್ಲಾ ಗೊತ್ತಿರ್ತದೆ ಅನ್ನೋದು ಹಳ್ಳಿಯವರ ನಂಬಿಕೆ. "ಹೂಂ" ಅಂದರೆ ರೊಕ್ಕ ಹೋದರೆ ಹೇಗೆ ಅನ್ನೋ ಭಯ. "ಬ್ಯಾಡ" ಅಂದರೆ "ಅತ್ತಿ ನನ್ನ ದಾರಿಗೆ ಅಡ್ಡ ಬಂದಳು" ಅನ್ನೋ ಮಾತು ಹುಡುಗಿಯ ಮನಸ್ಸಿನಲ್ಲಿ ಉಳಿದುಬಿಡುತ್ತೆ.

ಹಾಗಾದರೆ ಏನು ಮಾಡೋದು? ಹೂಂ ಅನ್ನೋದಕ್ಕೂ ಬೇಡ ಅನ್ನೋದಕ್ಕೂ ಮುಂಚೆ ಒಂದಿಷ್ಟು ವಿಷಯ ತಿಳ್ಕೊಳ್ಳಿ. ಈ ಕೆಲಸ ಸುಳ್ಳಲ್ಲ, ನಿಜವಾಗಿಯೂ ಇದೆ. ಆದರೆ ಅದಕ್ಕೆ ಹೋಗೋ ಬಾಗಿಲು ಬೇರೆ.

ಇದು ಎಂಥ ಕೆಲಸ?

ಕ್ರೂಸ್ ಹಡಗು ಅಂದರೆ ಸರಕಿನ ಹಡಗಲ್ಲ; ಸಮುದ್ರದ ಮೇಲೆ ತೇಲೋ ದೊಡ್ಡ ಹೋಟೆಲು. ಎಷ್ಟು ದೊಡ್ಡದು ಅಂತೀರಾ? 2024ರ ಜನವರಿಯಲ್ಲಿ ಯಾನ ಶುರು ಮಾಡಿದ ರಾಯಲ್ ಕೆರಿಬಿಯನ್ ಕಂಪನಿಯ 'ಐಕಾನ್ ಆಫ್ ದ ಸೀಸ್' ಹಡಗಿನಲ್ಲಿ 7,600 ಪ್ರಯಾಣಿಕರು ಹಿಡಿಸ್ತಾರೆ. ಅವರ ಸೇವೆಗೆ 2,350 ಜನ ಸಿಬ್ಬಂದಿ. ನಮ್ಮ ಕಡೆಯ ಒಂದು ದೊಡ್ಡ ಊರೇ ಎದ್ದು ನೀರಿನ ಮೇಲೆ ಹೊರಟಂಗೆ!

ಅಷ್ಟು ಜನ ಬಂದಮೇಲೆ ಮಕ್ಕಳೂ ಬರ್ತಾರಲ್ಲ? ಅಪ್ಪ-ಅಮ್ಮ ಊಟಕ್ಕೋ ನಾಟಕಕ್ಕೋ ಹೋದಾಗ ಆ ಮಕ್ಕಳನ್ನು ನೋಡಿಕೊಳ್ಳೋಕೆ ಹಡಗಿನಲ್ಲೇ ಮಕ್ಕಳ ಕ್ಲಬ್ ಇರುತ್ತೆ. ಅಲ್ಲಿ ಆಟ ಆಡಿಸಿ, ಕತೆ ಹೇಳಿ, ಬಣ್ಣ-ಕಾಗದದ ಕೆಲಸ ಮಾಡಿಸೋರನ್ನು 'ಯೂತ್ ಸ್ಟಾಫ್' ಅಂತಾರೆ.

ಕಾರ್ನಿವಲ್ ಕಂಪನಿಯ ಹಡಗುಗಳನ್ನೇ ನೋಡಿ. ಅಲ್ಲಿ 2ರಿಂದ 11 ವರ್ಷದವರಿಗೆ 'ಕ್ಯಾಂಪ್ ಓಷನ್' ಇದೆ. 2ರಿಂದ 5 ವರ್ಷದವರು 'ಪೆಂಗ್ವಿನ್', 6ರಿಂದ 8ರವರು 'ಸ್ಟಿಂಗ್‌ರೇ', 9ರಿಂದ 11ರವರು 'ಶಾರ್ಕ್'. 12ರಿಂದ 14 ಮತ್ತು 15ರಿಂದ 17 ವರ್ಷದ ಹುಡುಗರಿಗೆ ಬೇರೆ ಬೇರೆ ಕ್ಲಬ್ಬು. ಅಂಗನವಾಡಿ ವಯಸ್ಸಿನಿಂದ ಪಿಯುಸಿ ವಯಸ್ಸಿನ ತನಕ ಎಲ್ಲರೂ ಬಂದರು ಅನ್ನಿ.

ನಮ್ಮ ದೇಶದಲ್ಲೂ ಇಂಥ ಹಡಗು ಉಂಟು. ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್' 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಹೊರಟಿತು. ಅದರಲ್ಲೂ ಮಕ್ಕಳಿಗೆ ಅಂತಲೇ ಜಾಗ ಇದೆ. ನಮ್ಮ ಮಂಗಳೂರಿನ ಪಣಂಬೂರು ಬಂದರಿಗೂ ಮಳೆಗಾಲ ಮುಗಿದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬಂದು ಹೋಗ್ತವೆ. ಕಾರವಾರ, ಮಂಗಳೂರು, ಗೋವಾ ಕಡೆ ಮನೆಯ ಒಬ್ಬ ಮಗ ಹಡಗಿನಲ್ಲಿರೋದು ಎಷ್ಟೋ ಕಾಲದಿಂದ ಮಾಮೂಲು. ಬಯಲುಸೀಮೆಯ ನಮಗೆ ಮಾತ್ರ ಇದು ಹೊಸದು. ಹೊಸದಾದ್ದರಿಂದಲೇ ಭಯ, ಹೊಸದಾದ್ದರಿಂದಲೇ ಏಜೆಂಟರ ಮಾತಿಗೆ ಮರುಳಾಗೋದು.

ಆಟ ಅಷ್ಟೇ ಅಲ್ಲ

"ಮಕ್ಕಳನ್ನ ಆಡಸೋದು ಏನು ಮಹಾ!" ಅಂತ ತಮ್ಮ ಅನ್ನಬಹುದು. ಮನೆಯಲ್ಲಿ ಎರಡು ಮಕ್ಕಳನ್ನು ಸಂಭಾಳಿಸೋ ನಿಮಗೆ ಅದರ ಕಷ್ಟ ಗೊತ್ತು. ಅಲ್ಲಿ ಒಂದೇ ಕೋಣೆಯಲ್ಲಿ ಇಪ್ಪತ್ತು-ಮೂವತ್ತು ಮಕ್ಕಳು. ಒಬ್ಬೊಬ್ಬರದು ಒಂದೊಂದು ದೇಶ, ಒಂದೊಂದು ಭಾಷೆ.

ಮಗು ಬಂದ ಕೂಡಲೇ ಹೆಸರು ಬರೆದುಕೊಳ್ಳಬೇಕು. ಯಾವ ಆಹಾರ ಆಗೋದಿಲ್ಲ, ಏನು ಔಷಧ ನಡೀತಿದೆ, ಯಾರು ಬಂದರೆ ಮಗುವನ್ನು ಕಳಿಸಬಹುದು ಅನ್ನೋದೆಲ್ಲ ದಾಖಲಾಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರು ಬಂದರೆ, "ನಾನು ಅವನ ಮಾಮಾ" ಅಂದರೂ ಮಗುವನ್ನು ಕೊಡುವಂತಿಲ್ಲ. ಆಟ ಮುಗಿದ ಮೇಲೆ ಆಟಿಕೆ ಒರೆಸಿ ಸ್ವಚ್ಛ ಮಾಡೋದೂ ಅವರದೇ ಕೆಲಸ. ವಾಂತಿ-ಭೇದಿಯ ಸೋಂಕು ಹಡಗಿನಲ್ಲಿ ಬಲು ಬೇಗ ಹರಡುತ್ತೆ, ಅದಕ್ಕೆ ಮೇಲಿಂದ ಮೇಲೆ ಕೈ ತೊಳೆಯೋದು, ತೊಳೆಸೋದು.

ನಮ್ಮ ಹುಡುಗಿಯರು ಮರೆತು ಕಲೀಬೇಕಾದ ಸಂಗತಿಗಳೂ ಇವೆ. ಹಳ್ಳಿಯಲ್ಲಿ ಯಾರ ಕೂಸಾದರೂ ಸರಿ, ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಗಲ್ಲ ಹಿಂಡತೀವಿ, ಲೊಚ್ಚಂತ ಮುತ್ತು ಕೊಡ್ತೀವಿ. ಅಲ್ಲಿ ಅದು ನಡೆಯೋದಿಲ್ಲ. ಬೇರೆಯವರ ಮಗುವಿನ ಜೊತೆ ಒಬ್ಬಂಟಿಯಾಗಿ ಒಂದು ಕೋಣೆಯಲ್ಲಿ ಇರಬಾರದು. ಸ್ವಂತ ಮೊಬೈಲಿನಲ್ಲಿ ಫೋಟೋ ತೆಗೀಬಾರದು. ಪ್ರೀತಿಯಿಂದ ಒಂದು ಶೇಂಗಾ ಉಂಡಿ ಕೂಡ ಕೊಡೋ ಹಾಗಿಲ್ಲ! ಎಷ್ಟೋ ಮಕ್ಕಳಿಗೆ ಶೇಂಗಾ ಅಲರ್ಜಿ. ಒಂದು ಕಾಳು ತಿಂದರೂ ಉಸಿರು ಕಟ್ಟೋ ಅಪಾಯ ಇರುತ್ತೆ. ಶೇಂಗಾ ಹಿಂಡಿ ಇಲ್ಲದೆ ಊಟ ಇಳಿಯದ ನಮ್ಮ ಸೀಮೆಯ ಹುಡುಗಿಗೆ ಇದನ್ನು ಎರಡು ಸಲ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ಜವಾಬ್ದಾರಿ ಅಪಾಯದ ಹೊತ್ತಿನದು. 2012ರ ಜನವರಿಯಲ್ಲಿ ಇಟಲಿಯ ಹತ್ತಿರ 'ಕೋಸ್ಟಾ ಕಾಂಕಾರ್ಡಿಯಾ' ಹಡಗು ಬಂಡೆಗೆ ತಾಗಿ ವಾಲಿತು, 32 ಜನ ಸತ್ತರು. ಅದಾದಮೇಲೆ ನಿಯಮ ಬಿಗಿಯಾಯಿತು: ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಎಲ್ಲ ಪ್ರಯಾಣಿಕರಿಗೂ ಸುರಕ್ಷತೆಯ ಪಾಠ ಆಗಲೇಬೇಕು. ಗಂಟೆ ಬಾರಿಸಿದಾಗ ಕ್ಲಬ್ಬಿನಲ್ಲಿರೋ ಮಕ್ಕಳನ್ನು ಎಣಿಸಿ, ಲೈಫ್ ಜಾಕೆಟ್ ತೊಡಿಸಿ, ಸೇರಬೇಕಾದ ಜಾಗಕ್ಕೆ ಮುಟ್ಟಿಸೋದು ಈ ಯೂತ್ ಸ್ಟಾಫೇ. ಹಾಡು ಹೇಳಿಕೊಡೋ ಟೀಚರಮ್ಮ ಆಗ ಕಾವಲಿನವಳಾಗಬೇಕು.

ಆಕೆಗೆ ಏನು ಗೊತ್ತಿದೆ?

ಹಳ್ಳಿ ಹುಡುಗಿ ಅಂತ ಕೀಳಂದಾಜು ಬೇಡ. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಅಂಥ ತೊಟ್ಟಿಲು ತೂಗುತ್ತ, ತಮ್ಮ-ತಂಗಿಯರನ್ನು ಎತ್ತಾಡಿಸುತ್ತ ಬೆಳೆದ ಹುಡುಗಿಗೆ ಅಳೋ ಮಗುವನ್ನು ಹೇಗೆ ಸುಮ್ಮನಾಗಿಸೋದು ಅಂತ ಪುಸ್ತಕ ಓದಿ ಕಲೀಬೇಕಾಗಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡಿದ ಕೈ ಅದು. ಗುಳ್ಳವ್ವನ ಹಾಡು ಹೇಳಿದ ಗಂಟಲು. ಲಗೋರಿ, ಕುಂಟಾಬಿಲ್ಲೆ, ಚೌಕಾಬಾರ... ಯಾವ ಸಾಮಾನೂ ಇಲ್ಲದೆ ಹತ್ತು ಮಕ್ಕಳನ್ನು ಒಂದು ತಾಸು ಹಿಡಿದಿಡೋ ಆಟಗಳು ಆಕೆಗೆ ಬಾಯಿಪಾಠ. ಸಂದರ್ಶನದಲ್ಲಿ "ಒಂದು ಆಟ ಆಡಿಸಿ ತೋರಿಸು" ಅಂದರೆ ಇವೇ ನೆರವಿಗೆ ಬರ್ತವೆ.

ಆದರೆ ಇಷ್ಟೇ ಸಾಲದು. ಕಂಪನಿಗಳು ಕೇಳೋದು ಮುಖ್ಯವಾಗಿ ಮೂರು. ಒಂದು, ಸರಾಗ ಇಂಗ್ಲಿಷ್. ಓದೋ ಇಂಗ್ಲಿಷ್ ಅಲ್ಲ, ಮಾತಾಡೋ ಇಂಗ್ಲಿಷ್. ಎರಡು, ಮಕ್ಕಳ ಗುಂಪಿನ ಜೊತೆ ಕೆಲಸ ಮಾಡಿದ ಅನುಭವ ಮತ್ತು ಅದಕ್ಕೆ ಕಾಗದ. ಮೂರು, ವಯಸ್ಸು. ಬಹಳಷ್ಟು ದೊಡ್ಡ ಕಂಪನಿಗಳು 21 ತುಂಬಿರಬೇಕು ಅನ್ನುತ್ತವೆ.

ಅನುಭವ ಎಲ್ಲಿಂದ ಬರಬೇಕು? ನರ್ಸರಿ ಶಾಲೆಯಲ್ಲಿ ಒಂದೆರಡು ವರ್ಷ ದುಡಿಯಲಿ. ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ ನಡೆಸೋರ ಜೊತೆ ಸೇರಲಿ. ಊರಿನ ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಕತೆ ಹೇಳಲಿ. ಎಲ್ಲಕ್ಕೂ ಒಂದು ಪತ್ರ ಬರೆಸಿಕೊಳ್ಳಲಿ. ಇನ್ನೂ ಪಿಯುಸಿ ಸೈನ್ಸ್ ಓದ್ತಿರೋ ಹುಡುಗಿಯಾದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನ ಬಗ್ಗೆ ವಿಚಾರಿಸಿ. ಮೊದಲು ಹೋಮ್ ಸೈನ್ಸ್ ಅಂತಿದ್ದರಲ್ಲ, ಅದೇ. ಮಕ್ಕಳ ಬೆಳವಣಿಗೆ ಅಲ್ಲಿ ಒಂದು ಓದಿನ ವಿಷಯವೇ. ಹಡಗು ಸಿಗದಿದ್ದರೂ ಆ ಓದು ಕೈಬಿಡೋದಿಲ್ಲ.

ಕಷ್ಟ ಮುಚ್ಚಿಡಬೇಡಿ

ಏಜೆಂಟ್ ತೋರಿಸೋ ಫೋಟೋದಲ್ಲಿ ನೀಲಿ ಸಮುದ್ರ, ಬಿಳಿ ಹಡಗು. ಸಿಬ್ಬಂದಿ ಮಲಗೋ ಕೋಣೆಯ ಫೋಟೋ ಇರೋದಿಲ್ಲ! ಅದು ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳೋ ಇಕ್ಕಟ್ಟಾದ ಗೂಡು. ಒಂದರ ಮೇಲೊಂದು ಮಂಚ, ಎಷ್ಟೋ ಕೋಣೆಗೆ ಕಿಟಕಿಯೂ ಇಲ್ಲ.

ಭಾನುವಾರ ರಜಾ ಅನ್ನೋದನ್ನ ಮರೀಬೇಕು. ಕರಾರು ಮುಗಿಯೋ ತನಕ ದಿನಾಲೂ ಕೆಲಸ. ಕರಾರು ಹೆಚ್ಚಾಗಿ ಆರು ತಿಂಗಳ ಆಸುಪಾಸು, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಉಂಟು. ಆ ನಡುವೆ ದೀಪಾವಳಿ ಬರ್ತದೆ, ಎಳ್ಳಮವಾಸ್ಯೆ ಬರ್ತದೆ, ಮನೆಯಲ್ಲಿ ಯಾರದೋ ಮದುವೆ ಬರ್ತದೆ. ಆಕೆ ಬರೋಕಾಗಲ್ಲ. ಅಜ್ಜಿಗೆ ಹುಷಾರಿಲ್ಲ ಅಂದರೂ ಮರುದಿನವೇ ಬಸ್ ಹತ್ತಿ ಬರೋ ದೂರವಲ್ಲ. ಮೊದಲ ವಾರ ವಾಕರಿಕೆ, ತಲೆಸುತ್ತು. ಅದಕ್ಕಿಂತ ಜೋರು ಮನೆಯ ನೆನಪು. ಫೋನ್ ಮಾಡಿದಾಗ ಹುಡುಗಿ ಅತ್ತರೆ, "ಬಂದುಬಿಡವ್ವಾ" ಅನ್ನಬೇಡಿ. "ಉಂಡ್ಯಾ? ನಿದ್ದಿ ಆತಾ?" ಅಂತ ಕೇಳಿ. ಎರಡು ವಾರ ಕಳೆದ ಮೇಲೂ ಅದೇ ಅಳು ಇದ್ದರೆ, ಆಗ ಗಂಭೀರವಾಗಿ ಮಾತಾಡಿ.

ಹಾಗಂತ ಮನಸ್ಸಿಗೆ ಬಂದಷ್ಟು ದುಡಿಸಿಕೊಳ್ಳೋ ಹಾಗೂ ಇಲ್ಲ. ಹಡಗಿನ ಕೆಲಸಗಾರರಿಗೆ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. 2006ರಲ್ಲಿ ಜಿನೀವಾದಲ್ಲಿ ಆದದ್ದು, 2013ರ ಆಗಸ್ಟಿನಿಂದ ಜಾರಿಯಲ್ಲಿದೆ, ಭಾರತ 2015ರಲ್ಲಿ ಒಪ್ಪಿಕೊಂಡಿತು. 'ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್' ಅಂತ ಹೆಸರು. ಎಂಜಿನಿಯರು, ಕ್ಯಾಪ್ಟನ್‌ಗಷ್ಟೇ ಅಲ್ಲ. ಅಡುಗೆಯವರಿಗೂ ಮಕ್ಕಳನ್ನು ಆಡಿಸೋರಿಗೂ ಅದು ಅನ್ವಯ. ಅದರ ಪ್ರಕಾರ ವಿಶ್ರಾಂತಿ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ಸಿಗಬೇಕು. ಹಡಗಿನಲ್ಲಿ ಕಾಯಿಲೆ ಬಿದ್ದರೆ ಚಿಕಿತ್ಸೆ ಪುಕ್ಕಟೆ. ಕರಾರು ಮುಗಿದ ಮೇಲೆ ಮನೆಗೆ ಮರಳಿಸೋ ಖರ್ಚು ಹಡಗಿನ ಮಾಲೀಕರದು. ತಾನಾಗಿಯೇ ನಡುವೆ ಬಿಟ್ಟು ಬಂದರೆ ಮಾತ್ರ ಟಿಕೆಟ್ಟಿನ ದುಡ್ಡು ತನ್ನ ಮೈಮೇಲೆ ಬರಬಹುದು. ಕರಾರಿನಲ್ಲಿ ಏನು ಬರೆದಿದೆ ಅಂತ ಮೊದಲೇ ಓದಬೇಕು.

ದುಡ್ಡಿನ ಮಾತು

ಈಗ ಬಿಲ್ವಾರದ ವಿಷಯಕ್ಕೆ ಬರೋಣ. ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಹಡಗಿನಲ್ಲಿ ಕೆಲಸ ಕೊಡಿಸೋದಕ್ಕೆ ಅಂತ ಹುಡುಗಿಯಿಂದ ಯಾವ ಏಜೆಂಟೂ ದುಡ್ಡು ತಗೊಳ್ಳುವಂತಿಲ್ಲ. ಲಕ್ಷ ಅಲ್ಲ, ನೂರು ರೂಪಾಯಿಯನ್ನೂ. ಆ ಒಪ್ಪಂದವೂ ಅದನ್ನೇ ಹೇಳುತ್ತೆ, ನಮ್ಮ ದೇಶದ 2016ರ ನೇಮಕಾತಿ ನಿಯಮಗಳೂ ಅದನ್ನೇ ಹೇಳಿವೆ. ಏಜೆಂಟನ ಕಮಿಷನ್ ಕೊಡಬೇಕಾದದ್ದು ಹಡಗಿನ ಕಂಪನಿ.

"ಹಂಗಾದರ ಒಂದು ಪೈಸಾನೂ ಖರ್ಚಿಲ್ಲೇನು?" ಖರ್ಚಿದೆ. ಪಾಸ್‌ಪೋರ್ಟು, ಹಡಗಿನ ನೌಕರರ ಸಿ.ಡಿ.ಸಿ. ಪುಸ್ತಕ, ವೈದ್ಯಕೀಯ ತಪಾಸಣೆ - ಇವು ಆಕೆಯ ಖರ್ಚು. ಸುರಕ್ಷತೆಯ ತರಬೇತಿಯ ಫೀಜೂ ಸಾಮಾನ್ಯವಾಗಿ ಆಕೆಯದೇ. ಆದರೆ ಇವೆಲ್ಲ ಆಯಾ ಕಚೇರಿಗೆ, ಆಯಾ ಡಾಕ್ಟರಿಗೆ, ಆಯಾ ತರಬೇತಿ ಸಂಸ್ಥೆಗೆ ನೇರವಾಗಿ ಕಟ್ಟಿ ರಸೀದಿ ತಗೊಳ್ಳೋ ದುಡ್ಡು. 'ಸರ್ವಿಸ್ ಚಾರ್ಜ್', 'ಸೀಟ್ ಬುಕಿಂಗ್', 'ಫೈಲ್ ಮೂವ್ ಮಾಡೋಕೆ' ಅಂತ ಯಾರದೋ ಖಾತೆಗೆ ಹಾಕೋ ದುಡ್ಡಲ್ಲ. ವೀಸಾದ ಖರ್ಚು ಕೂಡ ಒಪ್ಪಂದದ ಪ್ರಕಾರ ಕಂಪನಿಯದೇ.

ಹಾಗಾದರೆ ಸಾಚಾ ಏಜೆಂಟನ್ನು ಗುರುತಿಸೋದು ಹೇಗೆ? ಹಡಗಿಗೆ ಜನರನ್ನು ಕಳಿಸೋ ಸಂಸ್ಥೆಗೆ ಮುಂಬೈಯ ಡಿ.ಜಿ. ಶಿಪ್ಪಿಂಗ್ ಕಚೇರಿ ಲೈಸೆನ್ಸ್ ಕೊಡುತ್ತೆ. 'ಆರ್.ಪಿ.ಎಸ್.ಎಲ್.' ಅಂತ ಅದರ ಹೆಸರು. ಅದಕ್ಕೊಂದು ನಂಬರು, ಮುಗಿಯೋ ತಾರೀಖು ಇರುತ್ತೆ. ಆ ಕಚೇರಿಯ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರೋರ ಪಟ್ಟಿಯೂ ಸಿಗುತ್ತೆ. ಏಜೆಂಟ್ ಹೇಳಿದ ಹೆಸರು ಆ ಪಟ್ಟಿಯಲ್ಲಿ ಇದೆಯಾ ನೋಡಿ. ಅಲ್ಲಿರೋ ಫೋನಿಗೆ ನೀವೇ ಮಾಡಿ ವಿಚಾರಿಸಿ, ಆತ ಕೊಟ್ಟ ನಂಬರಿಗಲ್ಲ. ಇದೇ ಹೆಸರಿನ ಪಕ್ಕ ಒಂದಕ್ಷರ ಬದಲಿಸಿ ಮೋಸ ಮಾಡೋರೂ ಇದ್ದಾರೆ.

ಇನ್ನೊಂದು ಪರೀಕ್ಷೆ. ಯಾವ ಹಡಗು ಅಂತ ಕೇಳಿ. ಪ್ರತಿ ದೊಡ್ಡ ಹಡಗಿಗೂ ಏಳು ಅಂಕಿಯ ಐ.ಎಂ.ಒ. ನಂಬರು ಇರುತ್ತೆ, ನಮ್ಮ ಗಾಡಿಗೆ ನಂಬರ್ ಪ್ಲೇಟ್ ಇದ್ದಂಗೆ. "ಹೋದಮೇಲೆ ಗೊತ್ತಾಗ್ತದ" ಅಂದರೆ ಆ ಮಾತು ಅಲ್ಲಿಗೇ ಬಿಡಿ. "ಟೂರಿಸ್ಟ್ ವೀಸಾದ ಮ್ಯಾಲೆ ಹೋಗಲಿ, ಆಮ್ಯಾಲೆ ಮಾಡಸ್ತೀವಿ" ಅಂದರೂ ಬೇಡ. ಅಮೆರಿಕದ ಬಂದರಿನಿಂದ ಹೊರಡೋ ಹಡಗಿಗೆ ಹೋಗೋರಿಗೆ ಸಿ-1/ಡಿ ಅನ್ನೋ ಬೇರೆ ವೀಸಾನೇ ಇದೆ.

ಭಯದ ಮಾತು

ಹಡಗು ಮುಳುಗಿದರೆ? ರೋಗ ಬಂದರೆ? ಹೆಣ್ಣುಹುಡುಗಿ ಬೇರೆ...

2020ರ ಫೆಬ್ರವರಿ ನೆನಪಿರಬಹುದು. ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗು ಕೊರೊನಾದಿಂದ ದಿಗ್ಬಂಧನಕ್ಕೆ ಸಿಕ್ಕಿತು. ಹಡಗಿನಲ್ಲಿದ್ದ 3,711 ಜನರಲ್ಲಿ 138 ಮಂದಿ ಭಾರತೀಯರು, ಅವರಲ್ಲಿ 132 ಮಂದಿ ಕೆಲಸಗಾರರು. ನಮ್ಮ ಕಾರವಾರದವರೂ ಅಲ್ಲಿದ್ದರು. ಆ ತಿಂಗಳ ಕೊನೆಗೆ ಏರ್ ಇಂಡಿಯಾ ವಿಮಾನದಲ್ಲಿ 119 ಭಾರತೀಯರನ್ನು ದೆಹಲಿಗೆ ಕರೆತಂದರು. ಅದೇ ವರ್ಷ ಕಂಪನಿಗಳೂ ಬಾಗಿಲು ಹಾಕಿದವು. 2019ರ ಏಪ್ರಿಲ್‌ನಲ್ಲಿ ಮುಂಬೈಯಿಂದ ಆಡಂಬರದಿಂದ ಹೊರಟಿದ್ದ ಜಲೇಶ್ ಕಂಪನಿಯ 'ಕರ್ಣಿಕಾ' ಹಡಗು ಮರುವರ್ಷವೇ ಗುಜರಾತಿನ ಅಲಂಗ್‌ಗೆ ಗುಜರಿಯಾಗಿ ಹೋಯಿತು. ಇದು ಸರ್ಕಾರಿ ನೌಕರಿಯಲ್ಲ, ಪಿಂಚಣಿಯ ಖಾತ್ರಿ ಇಲ್ಲ ಅನ್ನೋದು ತಿಳಿದಿರಲಿ.

ಹೆಣ್ಣುಮಕ್ಕಳ ಸುರಕ್ಷತೆಯ ಮಾತು ಬಂದರೆ, ಅದನ್ನು ಹುಡುಗಿಯ ಜೊತೆಯಲ್ಲೇ ಬಾಯಿಬಿಟ್ಟು ಮಾತಾಡಿ. ಅಮೆರಿಕದ ಬಂದರುಗಳಿಂದ ಓಡಾಡೋ ಪ್ರಯಾಣಿಕರ ಹಡಗುಗಳಿಗೆ 2010ರ ಒಂದು ಕಾನೂನು ಇದೆ. ಪ್ರಯಾಣಿಕರ ಕೋಣೆಗಷ್ಟೇ ಅಲ್ಲ, ಸಿಬ್ಬಂದಿಯ ಕೋಣೆಯ ಬಾಗಿಲಿಗೂ ಹೊರಗೆ ಯಾರಿದ್ದಾರೆ ಅಂತ ನೋಡೋ ಕಿಂಡಿ ಇರಬೇಕು ಅಂತ ಅದು ಹೇಳುತ್ತೆ. ಹಡಗಿನಲ್ಲೇ ದೂರು ಕೊಡೋ ವ್ಯವಸ್ಥೆ ಇರಲೇಬೇಕು. ದೂರು ಕೊಟ್ಟದ್ದಕ್ಕೆ ಆಕೆಯನ್ನು ಶಿಕ್ಷಿಸುವಂತಿಲ್ಲ. ಆದರೆ ಕಾನೂನು ಇದ್ದರೆ ಸಾಲದು, ಹೇಳೋ ಧೈರ್ಯ ಬೇಕು. "ಏನೇ ಆಗಲಿ ಮೊದಲು ನನಗೆ ಫೋನ್ ಮಾಡು, ನಾನು ಬಯ್ಯೋದಿಲ್ಲ" ಅನ್ನೋ ಒಂದು ಮಾತು ಅತ್ತೆಯಿಂದ ಬಂದರೆ ಅದು ಯಾವ ಕಿಂಡಿಗಿಂತಲೂ ದೊಡ್ಡ ಕಾವಲು.

ನೀರಿನ ಭಯಕ್ಕೆ ತರಬೇತಿಯೇ ಔಷಧ. ಸಮುದ್ರಕ್ಕೆ ಹೋಗೋ ಮುಂಚೆ ಮೂಲ ಸುರಕ್ಷತಾ ತರಬೇತಿ ಆಗಬೇಕು. ಜೀವ ಉಳಿಸಿಕೊಳ್ಳೋದು, ಬೆಂಕಿ ಆರಿಸೋದು, ಪ್ರಥಮ ಚಿಕಿತ್ಸೆ, ಹಡಗಿನ ನಡವಳಿಕೆ, ಹಡಗಿನ ಭದ್ರತೆ... ಇವೆಲ್ಲ ಅದರಲ್ಲಿ ಬರ್ತವೆ. ಲೈಫ್ ಜಾಕೆಟ್ ತೊಟ್ಟು ಈಜುಕೊಳಕ್ಕೆ ಜಿಗಿಯೋ ಅಭ್ಯಾಸವೂ ಉಂಟು. ಬೆಣ್ಣೆಹಳ್ಳ ತುಂಬಿ ಬಂದಾಗ ದಂಡೆಯಲ್ಲೇ ಹೆದರಿ ನಿಂತ ಹುಡುಗಿಗೆ ಅದೇ ಮೊದಲ ಪರೀಕ್ಷೆ. ಅದಕ್ಕೇ, ಏಜೆಂಟನ ಮಾತು ಪಕ್ಕಕ್ಕಿಡಿ, ಮೊದಲು ಹುಬ್ಬಳ್ಳಿ ಅಥವಾ ಧಾರವಾಡದ ಈಜುಕೊಳದಲ್ಲಿ ಒಂದು ತಿಂಗಳು ಈಜು ಕಲಿಸಿ. ನೀರಿಗಿಳಿಯೋಕೆ ಮನಸ್ಸೇ ಒಪ್ಪದಿದ್ದರೆ ಹಡಗಿನ ಆಸೆಯನ್ನು ಆಕೆಯೇ ಬಿಡ್ತಾಳೆ. ಹೋದದ್ದು ಒಂದು ತಿಂಗಳ ಫೀಜು ಮಾತ್ರ!

ಮದುವೆಯ ಮಾತು

ಇದು ಬರದೇ ಇರೋದಿಲ್ಲ. ವೈನಿ ಕೇಳಿಯೇ ಕೇಳ್ತಾರೆ: "ಹಡಗಿನ್ಯಾಗ ಇದ್ದು ಬಂದಾಕಿನ್ನ ಯಾರು ಮಾಡ್ಕೋತಾರ್ರೀ?"

ಕೇಳೋರು ಕೇಳಲಿ. ನರ್ಸ್ ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳ ಬಗ್ಗೆಯೂ ಒಂದು ಕಾಲಕ್ಕೆ ಇದೇ ಮಾತು ಇತ್ತು. ಆದರೆ ಇದನ್ನು ಹಾರಿಸಿಯೂ ಬಿಡಬೇಡಿ. ಎರಡು ವರ್ಷ ಹೋಗ್ತೀನಿ ಅನ್ನೋಳಿಗೆ ಆ ಎರಡು ವರ್ಷದ ಲೆಕ್ಕ ಇರಲಿ: ಎಷ್ಟು ಉಳಿಸೋದು, ಬಂದಮೇಲೆ ಏನು ಮಾಡೋದು, ಬಿ.ಎಡ್. ಓದೋದಾ, ಊರಲ್ಲೇ ಮಕ್ಕಳ ಶಾಲೆ ತೆರೆಯೋದಾ?

ಇನ್ನೊಂದು ಮಾತು, ಇದು ನಿಮ್ಮ ಬಾಯಿಂದಲೇ ಬರಬೇಕು. ಪಗಾರ ಬೀಳೋ ಬ್ಯಾಂಕ್ ಖಾತೆ ಹುಡುಗಿಯ ಹೆಸರಿನಲ್ಲಿರಲಿ. ಅಪ್ಪನದಲ್ಲ, ಅಣ್ಣನದಲ್ಲ. ಮನೆಗೆ ಇಷ್ಟು ಕೊಡ್ತೀನಿ ಅಂತ ಆಕೆಯೇ ಹೇಳಲಿ. ಸಮುದ್ರದ ನಡುವೆ ದಿನಾ ದುಡಿದು ಬಂದು ನೋಡಿದರೆ ಖಾತೆ ಖಾಲಿ, ಅಣ್ಣನ ಹೊಸ ಬೈಕು ಬಾಗಿಲಲ್ಲಿ! ಹಾಗಾಗಬಾರದಲ್ಲ?

ನೆನಪಿರಲಿ

* ಏಜೆಂಟಿಗೆ ಮುಂಗಡ ಕೊಡಬೇಡಿ, ಚಿನ್ನ ಒತ್ತಿ ಇಡಬೇಡಿ, ಹೊಲದ ಕಾಗದ ಕೊಡಬೇಡಿ.

* ಪಾಸ್‌ಪೋರ್ಟ್, ಅಂಕಪಟ್ಟಿಯ ಮೂಲ ಪ್ರತಿ ಏಜೆಂಟನ ಹತ್ತಿರ ಬಿಟ್ಟು ಬರಬೇಡಿ. ಝೆರಾಕ್ಸ್ ಸಾಕು.

* ಕೆಲಸದ ಕರಾರನ್ನು ಸಹಿ ಮಾಡೋ ಮುಂಚೆ ಓದಿ, ಬೇರೆಯವರ ಸಲಹೆ ಕೇಳೋದು ಆಕೆಯ ಹಕ್ಕು. "ಈಗಲೇ ಸಹಿ ಹಾಕು" ಅಂದರೆ ಅನುಮಾನಿಸಿ. ಪಗಾರ, ಅವಧಿ, ಹಡಗಿನ ಹೆಸರು, ಮರಳಿ ಬರೋ ಟಿಕೆಟ್ ನಾಲ್ಕೂ ಅದರಲ್ಲಿರಬೇಕು.

* ತರಬೇತಿಗೆ ದುಡ್ಡು ಕಟ್ಟೋ ಮುಂಚೆ ಸಂಸ್ಥೆ ಡಿ.ಜಿ. ಶಿಪ್ಪಿಂಗ್ ಮಾನ್ಯತೆ ಪಡೆದಿದೆಯಾ ನೋಡಿ. ವೈದ್ಯಕೀಯ ತಪಾಸಣೆಗೂ ಆ ಕಚೇರಿ ಒಪ್ಪಿದ ಡಾಕ್ಟರೇ ಬೇಕು.

* ಮಕ್ಕಳ ಜೊತೆಗಿನ ಕೆಲಸವಾದ್ದರಿಂದ ಪೊಲೀಸ್ ಪ್ರಮಾಣಪತ್ರ ಕೇಳ್ತಾರೆ. ಕೇಳಿದರೆ ಬೇಸರ ಬೇಡ, ಅದು ಸಾಚಾ ಕಂಪನಿಯ ಲಕ್ಷಣ.

* ಆನ್‌ಲೈನಿನಲ್ಲಿ ದುಡ್ಡು ಹಾಕಿ ಮೋಸ ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಡಮಾಡದೆ 1930ಕ್ಕೆ ಫೋನ್ ಮಾಡಿ, ಪೊಲೀಸ್ ಠಾಣೆಯಲ್ಲೂ ದೂರು ಕೊಡಿ.

ಈಗ ತಮ್ಮನಿಗೆ ವಾಪಸ್ ಫೋನ್ ಮಾಡಿ. ಜಗಳ ಬೇಡ, ಉಪದೇಶವೂ ಬೇಡ. ಇಷ್ಟೇ ಅನ್ನಿ: "ತಮ್ಮಾ, ಹುಡುಗಿ ಹೋಗಲಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಆ ಏಜೆಂಟನ ಲೈಸೆನ್ಸ್ ನಂಬರ್ ಎಷ್ಟು, ಹಡಗಿನ ನಂಬರ್ ಎಷ್ಟು, ಎರಡು ಲಕ್ಷ ಯಾವುದಕ್ಕ ಅಂತ ಬರೆದು ಕೊಡ್ತಾನೇನು - ಈ ಮೂರು ಕೇಳಿ ನಂಗ ಹೇಳು."

ಆತ ಸಾಚಾ ಆಗಿದ್ದರೆ ಮೊದಲೆರಡಕ್ಕೆ ಉತ್ತರ ಕೊಟ್ಟು, ಮೂರನೆಯದನ್ನು ಕೈಬಿಡ್ತಾನೆ. ಅಲ್ಲದಿದ್ದರೆ ಫೋನ್ ಎತ್ತೋದನ್ನೇ ಬಿಡ್ತಾನೆ. ಎರಡರಲ್ಲಿ ಯಾವುದೇ ಆಗಲಿ, ಹುಡುಗಿ ನಾಳೆಯಿಂದ ಈಜು ಕಲಿಯೋಕೆ, ಇಂಗ್ಲಿಷ್ ಮಾತಾಡೋಕೆ ಶುರು ಮಾಡಲಿ. ಹೆಸರು ಮಾರಿದ ರೊಕ್ಕ ತಮ್ಮನ ಬ್ಯಾಂಕಿನಲ್ಲಿರಲಿ. ಬಿಲ್ವಾರ ನಿಮ್ಮ ಕೈಯಲ್ಲೇ ಇರಲಿ.